ಅಂಗಳದ ಕಂಬಕ್ಕೆ ದೊಡ್ಡ ಬಲ್ಬು

ಹೊರಗಿನ ಕಂಬದ ದೀಪ ಹೊತ್ತದಿದ್ದರೆ ಮೊದಲು ಬಲ್ಬು ನೋಡಬೇಕು. ಬಲ್ಬು ಸರಿಯಿದ್ದರೆ ಅದು ಕೂರುವ ಹೋಲ್ಡರ್, ಅದೂ ಸರಿಯಿದ್ದರೆ ವೈರು, ಕೊನೆಗೆ ಬುಡದ ಪೆಟ್ಟಿಗೆಯ ಫ್ಯೂಸು. ಗೋರೆಗಾಂವಿನ ನಮ್ಮ ಚಾಳಿನ ಗಂಡಸರು ಇದರಲ್ಲಿ ಒಂದನ್ನೂ ನೋಡಲಿಲ್ಲ. ಅವರು ಮೊದಲು ನೋಡಿದ್ದು ಒಬ್ಬ ಮುದುಕಿಯ ಮುಖವನ್ನು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಎದುರುಬದುರಾಗಿ ನಿಂತ ಎರಡು ಸಾಲು ಖೋಲಿಗಳ ಚಾಳು. ನಡುವೆ ಉದ್ದನೆಯ ಅಂಗಳ, ಅಂಗಳದ ತುದಿಗೆ ಎಲ್ಲರಿಗೂ ಸೇರಿದ ಸಂಡಾಸು. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ತೆರೆದ ಗಟಾರ. ಕತ್ತಲಾದ ಮೇಲೆ ಹೆಂಗಸರು ಆ ಗಟಾರಕ್ಕೆ ಕಾಲು ಹಾಕಿ ಬೀಳುವುದು ಹೆಚ್ಚಾದಾಗ ಎಲ್ಲರೂ ಸೇರಿ ಕಬ್ಬಿಣದ ಒಂದು ಕಂಬ ನಿಲ್ಲಿಸಿ, ಅದರ ತಲೆಗೆ ಹಾಲುಬಣ್ಣದ ಗಾಜಿನ ಬುರುಡೆ ಕೂರಿಸಿ ದೀಪ ಹಾಕಿಸಿದ್ದೆವು. ಕಂಬ ತಂದದ್ದು ನಾನು. ಸಾಂತಾಕ್ರೂಜ್‌ನ ಗುಜರಿ ಅಂಗಡಿಯಲ್ಲಿ ಚೌಕಾಸಿ ಮಾಡಿ ಮಾಡಿ, ಅಂಗಡಿಯವನು ಕೊನೆಗೆ ಕೈ ಮುಗಿದು "ಲೇ ಜಾವ್ ಬಾಯಿ, ಮೇರಾ ದಿಮಾಗ್ ಮತ್ ಖಾವ್" ಎಂದು ಹೇಳುವ ತನಕ ಅಲ್ಲಿಂದ ಏಳದೆ ತಂದದ್ದು. ಗುಜರಿ ಕೊಳ್ಳುವವರು ನಿಂತು ಮಾತಾಡಬಾರದು, ಕೂತುಬಿಡಬೇಕು. ಕೂತ ಗಿರಾಕಿಯನ್ನು ಎಬ್ಬಿಸಲು ಅಂಗಡಿಯವನು ದರ ಇಳಿಸಲೇಬೇಕು.

ನಾನು ಖಾನಾವಳಿ ನಡೆಸುತ್ತಿದ್ದೆ. ಗಂಡನಾದವನು ಕೊಲ್ಲಿ ದೇಶದ ಹಡಗು ಹತ್ತಿ ಹೋದವನು ತಿರುಗಿ ಬಾರದಿದ್ದಾಗ, ಉಡುಪಿ ಕಡೆಯ ನಾನು ಊರಿಗೆ ಹೋಗಿ ಅಣ್ಣಂದಿರ ಹಿತ್ತಲಲ್ಲಿ ಬೀಳುವುದಕ್ಕಿಂತ ಒಂದು ಸೀಮೆಎಣ್ಣೆ ಸ್ಟೋವ್ ಇಟ್ಟುಕೊಂಡು ಇಲ್ಲೇ ಉಳಿಯುವುದು ಲೇಸೆಂದು ಉಳಿದೆ. ಒಂಟಿ ಹೆಂಗಸಿನ ಮನೆಗೆ ಬರುವ ಪ್ಲಂಬರನೂ ವೈರ್‌ಮನ್ನನೂ ಕಣ್ಣು ಮುಚ್ಚಿ ಎರಡುಪಟ್ಟು ಕೇಳುತ್ತಾರೆ. ಹಾಗಾಗಿ ಅವರು ಮಾಡುವುದನ್ನು ಹತ್ತಿರ ನಿಂತು ನೋಡಿ ನೋಡಿ ಫ್ಯೂಸು ಕಟ್ಟುವುದು, ಹೋಲ್ಡರ್ ಬದಲಿಸುವುದು ಎಲ್ಲ ಕಲಿತುಕೊಂಡೆ. ಈಗಿನ ಹುಡುಗಿಯರಿಗೂ ನಾನು ಹೇಳುವುದು ಇಷ್ಟೇ: ಕೆಲಸದವನಿಗೆ ಚಹಾ ಮಾಡಲು ಒಳಗೆ ಹೋಗಬೇಡಿ. ಚಹಾ ಮೊದಲೇ ಮಾಡಿಟ್ಟುಕೊಂಡು ಅವನ ಕೈ ನೋಡುತ್ತ ನಿಲ್ಲಿ.

ಕಂಬದ ಎದುರಿನ ಖೋಲಿಯಲ್ಲಿ ಗದಗದ ಕಡೆಯ ಒಬ್ಬ ಮುದುಕಿ ಮಗನೊಂದಿಗೆ ಇದ್ದಳು. ಮಗ ಮಲಾಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದ್ದಿಲ್ಲ. ಖೋಲಿ ಚಾಳಿನ ಸೆಕ್ರೆಟರಿಗೆ ಸೇರಿದ್ದು. ಈ ಸೆಕ್ರೆಟರಿ ನಮ್ಮ ಕಡೆಯವನೇ, ಸ್ಟೇಷನ್ ಹತ್ತಿರ ಹೋಟೆಲಿಟ್ಟು ದುಡ್ಡು ಮಾಡಿದ್ದ. ಮುದುಕಿಯ ಖೋಲಿಯ ಪಕ್ಕದ ಇನ್ನೊಂದು ಖೋಲಿಯೂ ಅವನದೇ. ಅದರಲ್ಲಿ ಅವನ ಹೋಟೆಲಿನ ಕೆಲಸದವರು ಸಾಲಾಗಿ ಮಲಗುತ್ತಿದ್ದರು. ಆ ಒಂದು ಖೋಲಿ ಅವರಿಗೆ ಸಾಲುತ್ತಿರಲಿಲ್ಲ, ಮುದುಕಿಯ ಖೋಲಿಯೂ ಖಾಲಿಯಾದರೆ ಚೆನ್ನ ಎಂಬ ಆಸೆ ಅವನಿಗೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು.

ನಾನು ಮುದುಕಿಯ ಪರ ನಿಂತದ್ದು ದೊಡ್ಡ ಮನಸ್ಸಿನಿಂದ ಎಂದು ಯಾರೂ ತಿಳಿಯಬೇಡಿ. ಆಕೆ ತಟ್ಟಿ ಕೊಡುತ್ತಿದ್ದ ಜೋಳದ ರೊಟ್ಟಿಗಾಗಿಯೇ ವಿಜಾಪುರ, ಬಾಗಲಕೋಟೆ ಕಡೆಯ ಗಿರಾಕಿಗಳು ನನ್ನಲ್ಲಿಗೆ ಬರುತ್ತಿದ್ದರು. ನನ್ನ ಕೈಗೆ ಆ ರೊಟ್ಟಿ ಜನ್ಮದಲ್ಲಿ ಬರುವಂಥದ್ದಲ್ಲ. ಆಕೆ ಹೋದರೆ ಆ ಗಿರಾಕಿಗಳೂ ಹೋಗುತ್ತಿದ್ದರು.

ಆ ವರ್ಷದ ಮೊದಲ ಮಳೆ ಬಿದ್ದ ಮೇಲೆ ಕಂಬದ ದೀಪಕ್ಕೆ ರೆಕ್ಕೆಹುಳು ಮುತ್ತತೊಡಗಿದವು. ಮುದುಕಿಯ ಬಾಗಿಲು ಕಂಬಕ್ಕೆ ತೀರಾ ಹತ್ತಿರ. ಉಣ್ಣಲು ಕೂತರೆ ಸಾರಿನಲ್ಲಿ ಹುಳು, ರೊಟ್ಟಿಯ ಮೇಲೆ ಹುಳು, ರೆಕ್ಕೆ ಕಳಚಿಕೊಂಡು ಬೆನ್ನಿನ ಮೇಲೆ ಹರಿಯುವ ಹುಳು. ಬೆಳಿಗ್ಗೆ ಮೊರದಲ್ಲಿ ಗುಡಿಸಿ ಸುರಿಯುವಷ್ಟು ರೆಕ್ಕೆ. ಕಂಬದ ಸ್ವಿಚ್ಚು ಸೆಕ್ರೆಟರಿಯ ಪಡಸಾಲೆಯಲ್ಲಿತ್ತು. ಮುದುಕಿ ಒಂದು ಸಂಜೆ ಅವನ ಬಾಗಿಲಿಗೆ ಹೋಗಿ ನಯವಾಗಿಯೇ ಕೇಳಿದಳು.

"ಏನ್ರೀ ಯಪ್ಪಾ, ನಾವು ಉಣ್ಣೂಮಟ ಆ ದೀಪ ಒಂದೀಟ ದೊಡ್ಡದು ಮಾಡ್ರೆಲಾ."

"ಆಗಬಹುದು ಅಮ್ಮ, ಅದಕ್ಕೆಂತ," ಎಂದ ಸೆಕ್ರೆಟರಿ. ಮರುದಿನವೇ ಅರವತ್ತು ವ್ಯಾಟಿನ ಬಲ್ಬು ತೆಗೆಸಿ ನೂರು ವ್ಯಾಟಿನದು ಹಾಕಿಸಿದ. ಹಾಕಿಸಿದ್ದಲ್ಲದೆ ಅಂಗಳದಲ್ಲಿ ನಿಂತು, "ಅಜ್ಜಿಗೆ ಊಟಕ್ಕೆ ಬೆಳಕು ಸಾಲುವುದಿಲ್ಲವಂತೆ. ನೋಡಿ, ಕೇಳಿದ ಕೂಡಲೇ ಮಾಡಿ ಕೊಟ್ಟೆ" ಎಂದು ಹೋಗಿಬರುವವರಿಗೆಲ್ಲ ಸಾರಿದ.

ಹುಳುಗಳು ದುಪ್ಪಟ್ಟಾದವು. ಮುದುಕಿ ಮತ್ತೆ ಹೋದಳು. ಈ ಸಲ ದನಿ ಅಷ್ಟು ನಯವಾಗಿರಲಿಲ್ಲ. "ನಾ ಏನಂದೆ, ನೀವೇನ ಮಾಡಿದ್ರಿ? ದೊಡ್ಡದು ಮಾಡ್ರೀ ಅಂದ್ರ ತಿಳಿಯಂಗಿಲ್ಲೇನ? ದೊಡ್ಡದು ಮಾಡ್ರಿ!"

"ಇನ್ನೂ ಸಾಲುವುದಿಲ್ಲವಾ ಮಾರಾಯ್ರೆ ಈಕೆಗೆ!" ಎಂದು ಸೆಕ್ರೆಟರಿ ಬಾಯಿ ಬಿಟ್ಟು ನಿಂತ. ಸಾಲದಿದ್ದರೆ ಸಾಲುವಷ್ಟು ಹಾಕೋಣ ಎಂದು ಹೋಟೆಲಿನಿಂದ ಇನ್ನೂರು ವ್ಯಾಟಿನ ಬಲ್ಬು ತರಿಸಿ ಹಾಕಿಸಿದ. ಅಂಗಳವೆಲ್ಲ ಮದುವೆ ಚಪ್ಪರದಂತೆ ಬೆಳಗಿತು. ಮುದುಕಿ ಹೊಸ್ತಿಲಲ್ಲಿ ನಿಂತು ಎರಡೂ ಕೈ ತಲೆಯ ಮೇಲೆ ಹೊತ್ತು, "ಇವನ ಬಾಯಾಗ ಮಣ್ಣ ಬೀಳಲಿ! ಕಲ್ಲ ತಗೊಂಡ ಒಡದ ಹಾಕ್ತೀನಿ ಇದನ್ನ!" ಎಂದು ಇಡೀ ಚಾಳು ಕೇಳುವಂತೆ ಕೂಗಿದಳು. ಕೇಳಿದವರಲ್ಲಿ ನಾನೂ ಒಬ್ಬಳು. ಬೆಳಕು ಕೇಳಿದವಳೇ ಬೆಳಕು ಕೊಟ್ಟರೆ ಬೈಯುತ್ತಾಳಲ್ಲ, ವಯಸ್ಸಾಯಿತು ಪಾಪ ಎಂದುಕೊಂಡು ಸುಮ್ಮನಾದೆ.

ಅದಾದ ಮೇಲೊಂದು ಸಂಜೆ, ದೀಪ ಹಾಕಿ ಸ್ವಲ್ಪ ಹೊತ್ತಾಗಿತ್ತು, ಮಳೆ ರಪರಪನೆ ಸುರಿಯಿತು. ಟಪ್ ಎಂಬ ಸದ್ದು ಕೇಳಿತು, ಅಂಗಳ ಕತ್ತಲಾಯಿತು. ಮಳೆ ನಿಂತ ಮೇಲೆ ಟಾರ್ಚು ಹಿಡಿದು ನೋಡಿದರೆ ಗಾಜಿನ ಬುರುಡೆ ಸೀಳಿ ಒಂದು ಚೂರು ಕೆಳಗೆ ಬಿದ್ದಿತ್ತು.

ಸೆಕ್ರೆಟರಿ ಆ ಚೂರನ್ನು ಎತ್ತಿ ಹಿಡಿದು ತೀರ್ಪು ಕೊಟ್ಟೇಬಿಟ್ಟ. "ಕಲ್ಲು ಹೊಡೆದದ್ದು. ಹೇಳಿಯೇ ಹೊಡೆದದ್ದು. ಸಾಕ್ಷಿ ಎಲ್ಲರದ್ದೂ ಉಂಟು. ಇಂಥವರನ್ನು ಇಟ್ಟುಕೊಂಡರೆ ನಾಳೆ ನಮ್ಮ ತಲೆ ಒಡೆಯುತ್ತಾರೆ. ಖೋಲಿ ಖಾಲಿ ಮಾಡಲಿ, ಅಮಾವಾಸ್ಯೆಯೊಳಗೆ."

ಮುದುಕಿ ತನ್ನ ಬಾಗಿಲಲ್ಲಿ ನಿಂತು, "ನಾ ಹೊಡದಿಲ್ಲ. ಹೊಡೀತೀನಿ ಅಂದಿದ್ದ ಖರೆ, ಹೊಡದಿಲ್ಲ" ಎಂದಳು. ಮಗ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. "ಖಾಲಿ ಮಾಡ್ತೀವ್ರಿ," ಎಂದಷ್ಟೇ ಹೇಳಿದ. ಮಳೆಗಾಲದಲ್ಲಿ, ಮುಂಗಡ ಕೊಡಲು ಕೈಯಲ್ಲಿ ಏನೂ ಇಲ್ಲದವನು ಮುಂಬಯಿಯಲ್ಲಿ ಖೋಲಿ ಎಲ್ಲಿ ಹುಡುಕುತ್ತಾನೆ? ಚಾಳಿನ ಕಮಿಟಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಸೆಕ್ರೆಟರಿಯ ಹೋಟೆಲಿನಲ್ಲಿ ಅವರಿಗೆಲ್ಲ ಉದ್ರಿ ಚಹಾ ನಡೆಯುತ್ತಿತ್ತು. ಅಂಥ ಗಂಡಸರ ಮುಖ ನೋಡಿದರೆ ನನಗೆ ಸ್ನಾನ ಮಾಡಬೇಕೆನಿಸುತ್ತದೆ.

ಬೆಳಿಗ್ಗೆ ನಾನು ವೈರ್‌ಮನ್ನನನ್ನು ಕರೆಸಿದೆ. ಹುಬ್ಬಳ್ಳಿ ಕಡೆಯ ಸಾಬರವನು, ಮನೆಯಲ್ಲಿ ದಖನಿ ಉರ್ದು, ನಮ್ಮ ಹತ್ತಿರ ಕನ್ನಡ. ಕೆಲಸ ಬಲ್ಲ, ಆದರೆ ಬಾಯಿ ತೆರೆದರೆ ಸುಲಿಗೆ. ಕಂಬದ ಕೆಳಗೆ ನಿಂತು, ಮೇಲೆ ನೋಡದೆಯೇ ಹೇಳಿದ.

"ಪೂರಾ ಖತಂ ಅಕ್ಕಾರ. ಕಂಬಾನ ಬದಲಿ ಮಾಡಬೇಕು."

"ಕಂಬ ಏನು ಮಾಡಿತು ನಿನಗೆ? ಅದು ಬರೀ ನಿಂತುಕೊಂಡಿದೆ. ಏಣಿ ಹತ್ತು. ಸ್ವಿಚ್ಚು ಬಂದ್ ಮಾಡಿಸಿದ್ದೇನೆ. ಮೊದಲು ಬಲ್ಬು ಇಳಿಸು."

"ನೋಡ್ರಿ, ಏಣಿ ಹತ್ತೂದಕ್ಕ ಬ್ಯಾರೆ ಕೊಡಬೇಕಾಗ್ತದ."

"ಇಳಿಯುವುದಕ್ಕೆ ಕೊಡುತ್ತೇನೆ. ಇಳಿದು ಬಂದು ಸರಿಯಾದ ಮಾತು ಹೇಳಿದರೆ ಮಾತ್ರ. ಜೊತೆಗೆ ಮಧ್ಯಾಹ್ನದ ಊಟ, ರೊಟ್ಟಿ."

ರೊಟ್ಟಿಯ ಹೆಸರು ಕೇಳಿ ಅವನು ಹತ್ತಿದ. ಉತ್ತರ ಕರ್ನಾಟಕದವರ ಜೊತೆ ಚೌಕಾಸಿಗೆ ಜೋಳದ ರೊಟ್ಟಿಗಿಂತ ಒಳ್ಳೆಯ ನಾಣ್ಯ ನಾನು ಕಂಡಿಲ್ಲ.

ಬಲ್ಬು ಇಳಿದು ಬಂತು. ತಲೆಯ ಭಾಗ ಕಪ್ಪಾಗಿತ್ತು, ಆದರೆ ಒಂದು ಗೀರೂ ಇಲ್ಲ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ತಂತಿ ತುಂಡಾದರೆ ಸಣ್ಣಗೆ ಝಣಗುಡುತ್ತದೆ. ಸದ್ದಿಲ್ಲ. ನನ್ನ ಖೋಲಿಗೆ ಒಯ್ದು ಹಾಕಿ ನೋಡಿದೆ. ಕಣ್ಣು ಕುಕ್ಕುವಂತೆ ಹೊತ್ತಿತು. ಅಂದರೆ ಬುರುಡೆ ಒಡೆದ ಕಲ್ಲು ಒಳಗಿನ ಬಲ್ಬನ್ನು ಮುಟ್ಟದೆ ಹೋಯಿತೇ?

"ಬುರುಡೆಯೊಳಗೆ ಏನಿದೆ?" ಎಂದು ಕೆಳಗಿನಿಂದ ಕೇಳಿದೆ.

"ಹುಳಾ ಅದಾವ್ರಿ. ಮುಠ್ಠಿಗಟ್ಟಲೆ. ಸತ್ತ ಕೊಳತಾವ. ಛೀ ಛೀ." ಅವನು ಬುರುಡೆ ಬಗ್ಗಿಸಿದ. ಒದ್ದೆ ರೆಕ್ಕೆಹುಳುಗಳ ಮುದ್ದೆ ನನ್ನ ಕಾಲ ಬಳಿ ಪಚಕ್ಕೆಂದು ಬಿತ್ತು. ನಾನು ಮೂಗಿಗೆ ಸೆರಗು ಹಿಡಿದು ಪೊರಕೆ ಕಡ್ಡಿಯಿಂದ ಅದನ್ನು ಕೆದಕಿದೆ. ಕಲ್ಲಿಲ್ಲ. ಕಲ್ಲಿನ ಹರಳೂ ಇಲ್ಲ.

ಮುಚ್ಚಿದ ಗಾಜಿನೊಳಗೆ ಇನ್ನೂರು ವ್ಯಾಟು ಕಾದರೆ, ಆ ಕಾದ ಗಾಜಿನ ಮೇಲೆ ತಣ್ಣನೆಯ ಮಳೆ ಬಿದ್ದರೆ ಗಾಜು ಏನಾಗುತ್ತದೆ? ಅನ್ನ ಬೇಯಿಸುವ ಯಾವ ಹೆಂಗಸಾದರೂ ಹೇಳಿಯಾಳು. ಕಾದ ಲಾಂದ್ರದ ಚಿಮಣಿಗೆ ಒದ್ದೆ ಬಟ್ಟೆ ಮುಟ್ಟಿಸಿ ಬೈಸಿಕೊಳ್ಳದವರು ಯಾರಿದ್ದಾರೆ? ಕಮಿಟಿಯ ಗಂಡಸರು ಲಾಂದ್ರ ಒರೆಸಿದವರಲ್ಲ.

ಮುಂದೆ ಹೋಲ್ಡರ್. ಸುಟ್ಟು ಕರಕಲಾಗಿ ಬಿರುಕು ಬಿಟ್ಟಿತ್ತು. ಅದಕ್ಕೆ ಸೇರಿದ ವೈರಿನ ರಬ್ಬರು ಬಿಸಿಗೆ ಒಣಗಿ, ಮುಟ್ಟಿದರೆ ಹಪ್ಪಳದಂತೆ ಉದುರುತ್ತಿತ್ತು. ಬರಿಯ ತಾಮ್ರ ತಾಮ್ರಕ್ಕೆ ತಗುಲಿತ್ತು. ಹಾಗೆ ತಗುಲಿದರೆ ಬುಡದ ಫ್ಯೂಸು ಹಾರಿಯೇ ಹಾರುತ್ತದೆ. ಅದನ್ನೂ ಕಣ್ಣಾರೆ ನೋಡಿಬಿಡೋಣ ಎಂದು ಬುಡದ ಪೆಟ್ಟಿಗೆಯ ಮುಂದೆ ಕುಕ್ಕರಿಸಿದೆ. ಆಗ ತಿಳಿಯಿತು, ಏಣಿಯ ತುದಿಗಿಂತ ಹೆಚ್ಚಿನ ಹೊಲಸು ಕೆಳಗೇ ಇದೆ ಎಂದು.

ಪೆಟ್ಟಿಗೆಯ ಬಾಗಿಲು ಕೈಯಲ್ಲಿ ಪುಡಿಯಾಗಿ ಬಂತು. ಕಂಬದ ಬುಡ ಮೊಣಕಾಲೆತ್ತರದ ತನಕ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಮೇಲೆ ಒಂದು ಚುಕ್ಕೆ ತುಕ್ಕಿಲ್ಲ, ಕೆಳಗೆ ಮಾತ್ರ. ನಾತ ಮೂಗಿಗೆ ಬಡಿದಾಗ ಕಾರಣ ಕೇಳಬೇಕಾಗಲಿಲ್ಲ. ಇಷ್ಟು ಹತ್ತಿರ ಸಂಡಾಸು ಇಟ್ಟುಕೊಂಡು, ಬಾಗಿಲು ತೆಗೆಯುವ ಕಷ್ಟ ಯಾಕೆಂದು ನಾಯಿಗಳಂತೆ ಕಂಬದ ಬುಡದಲ್ಲೇ ಮುಗಿಸಿ ಹೋಗುತ್ತಿದ್ದರು. ಅದರ ಮೇಲೆ ಎಲೆಯಡಿಕೆಯ ಕೆಂಪು ಉಗುಳು, ಉಗುಳಿನ ಮೇಲೆ ಅಂಟಿದ ಬೀಡಿ ತುಂಡು. ನಾನು ಗುಜರಿಯವನ ತಲೆ ತಿಂದು ತಂದ ಕಂಬ! ನನಗೆ ಸಿಟ್ಟು ಬಂತು.

"ಹೋಟೆಲ್ ಹುಡುಗ್ರೂರಿ," ಎಂದ ವೈರ್‌ಮನ್ನ ಏಣಿಯಿಂದ ಇಳಿಯುತ್ತ. "ನಾ ಈ ಕಡೆ ಬಂದಾಗೆಲ್ಲಾ ನೋಡೇನಿ. ಸಾಲಾಗಿ ನಿಂತಿರ್ತಾರ. ಪರೇಡ್ ಇದ್ದಂಗ."

ಫ್ಯೂಸು ಹಾರಿತ್ತು. ಅದರ ಹಿಡಿಯೊಳಗಿನ ತಂತಿ ಕರಗಿ ಸಣ್ಣ ಗುಂಡಾಗಿತ್ತು.

ಅಷ್ಟರಲ್ಲಿ ಮುದುಕಿ ರೊಟ್ಟಿಯ ಬುಟ್ಟಿ ಹಿಡಿದು ಹೊರಗೆ ಬಂದಳು. ಖೋಲಿ ಖಾಲಿ ಮಾಡುವವಳು ಅಂದಿನ ರೊಟ್ಟಿ ಮಾತ್ರ ತಪ್ಪಿಸಿರಲಿಲ್ಲ. ನಾನು ಕೇಳಿಯೇಬಿಟ್ಟೆ. "ಅಲ್ಲ ಆಯಿ, ದೊಡ್ಡದು ಮಾಡಿ ಮಾಡಿ ಎಂದು ನೀವೇ ಹೇಳಿ, ಮಾಡಿದ ಮೇಲೆ ಬೈದದ್ದು ಯಾಕೆ?"

"ಮಾಡಿದ್ರ ಯಾಕ ಬೈತಿದ್ದೆ? ಮಾಡಲಿಲ್ಲ ಅಂತ ಬೈದೆ," ಎಂದಳು. "ದೀಪ ದೊಡ್ಡದು ಮಾಡು ಅಂದ್ರ ಏನು? ನಂದಸು ಅಂತ. ಮುಚ್ಚಂಜೀಲೆ ದೀಪ ಆರಸು, ನಂದಸು ಅಂತ ಬಾಯಿಲೆ ಅಂತಾರೇನವ್ವಾ? ಅಪಶಕುನ. ಅದಕ್ಕ ದೊಡ್ಡದು ಮಾಡು ಅಂತೀವಿ. ನಿಮ್ಮೂರಾಗ ಇದೂ ಗೊತ್ತಿಲ್ಲೇನ?"

ವೈರ್‌ಮನ್ನ ಏಣಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದು ನಗತೊಡಗಿದ. "ಯಾ ಅಲ್ಲಾ! ನಮ್ಮ ಅಮ್ಮಾನೂ ಹಂಗ ಅಂತಾಳ. ಚಿರಾಗ್ ಬುಝಾವ್ ಬೋಲ್ನಾ ನಕ್ಕೋ, ಬಢಾವ್ ಬೋಲ್ನಾ. ಆರಸು ಅನಬ್ಯಾಡ, ಬೆಳಸು ಅನ್ನು ಅಂತ. ಮುದುಕಿ ಆರಸು ಅಂದ್ಳು, ಇವ ಇನ್ನೂರಾ ಹಾಕಿಸಿದ!"

ನನಗೆ ನಗು ಬರಲಿಲ್ಲ. ಮಲಾಡಿನ ಪೇಟೆಯಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ "ದುಕಾನ್ ಬಢಾ ರಹೇ ಹೈಂ" ಎನ್ನುವುದನ್ನು ಎಷ್ಟು ಸಲ ಕೇಳಿದ್ದೆ. ಮುಚ್ಚುತ್ತೇವೆ ಎಂದರೆ ವ್ಯಾಪಾರಕ್ಕೆ ಕೇಡೆಂದು ಬೆಳೆಸುತ್ತೇವೆ ಎನ್ನುತ್ತಾರೆ. ಅದು ತಿಳಿದಿದ್ದರಿಂದಲೇ ಆ ಹೊತ್ತಿಗೆ ಸರಿಯಾಗಿ ಹೋಗಿ ಉಳಿದ ತರಕಾರಿ ಅರ್ಧಕ್ಕೆ ತರುತ್ತಿದ್ದೆ. ಹಿಂದಿಯಲ್ಲಿ ಲಾಭಕ್ಕಾಗಿ ತಿಳಿದುಕೊಂಡಿದ್ದ ಮಾತು ಕನ್ನಡದಲ್ಲಿ ನನ್ನ ಕಿವಿಯ ಮುಂದೆಯೇ ಬಂದಾಗ ತಿಳಿಯಲಿಲ್ಲ. ಒಂದೇ ಭಾಷೆಯವರೆಂದು ಒಂದೇ ಅಂಗಳದಲ್ಲಿ ಗಣಪತಿ ಕೂರಿಸುತ್ತಿದ್ದೆವು. ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಅರ್ಥವಾಯಿತೇ ಎಂದು ತಿರುಗಿ ಕೇಳುವ ಸೌಜನ್ಯ ಯಾರಲ್ಲೂ ಇರಲಿಲ್ಲ.

ಮಧ್ಯಾಹ್ನದೊಳಗೆ ಹೊಸ ಬುರುಡೆ, ಹೊಸ ಪಿಂಗಾಣಿ ಹೋಲ್ಡರ್, ಹೊಸ ವೈರು, ಹೊಸ ಫ್ಯೂಸು ಆಯಿತು. ಹೊರಗಿನ ದೀಪಕ್ಕೆ ಯಾವಾಗಲೂ ಪಿಂಗಾಣಿಯದೇ ಹಾಕಿಸಿ, ನಾಲ್ಕು ಕಾಸು ಉಳಿಸಲು ಹೋಗಬೇಡಿ. ಬಲ್ಬು ಅರವತ್ತರದು. ಮುದುಕಿಯ ಬಾಗಿಲಿನ ದಿಕ್ಕಿಗೆ ಬೆಳಕು ಬೀಳದಂತೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಒಂದು ಮರೆ ಕಟ್ಟಿಸಿದೆ. ಸಂಡಾಸಿನ ದಾರಿಗೂ ಗಟಾರಕ್ಕೂ ಬೆಳಕು ಬೀಳುತ್ತಿತ್ತು, ಮುದುಕಿಯ ತಟ್ಟೆಗೆ ಮಾತ್ರ ಇಲ್ಲ.

ಸಂಜೆ ಸೆಕ್ರೆಟರಿ ಹೋಟೆಲಿನಿಂದ ಬರುವ ಹೊತ್ತಿಗೆ ನಾನು ಕಂಬದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕಮಿಟಿಯವರೂ ಬಂದು ನಿಂತಿದ್ದರು. ಅವನು ಸ್ವಿಚ್ಚು ಹಾಕಿ ಬಂದು, ದೀಪ ನೋಡಿ ಕೈಯುಜ್ಜಿಕೊಂಡ.

"ಆಯ್ತಲ್ಲ! ನಾನು ಹೇಳಿದ್ದೆ, ಸಣ್ಣ ಕೆಲಸ ಅಂತ."

"ಆಯಿತು. ಈಗ ಕಲ್ಲು ತೋರಿಸಿ," ಎಂದೆ.

"ಎಂತ ಕಲ್ಲು?"

ನಾನು ಸುಟ್ಟ ಹೋಲ್ಡರ್, ಪುಡಿಯಾದ ವೈರು, ಗೀರೂ ಬೀಳದ ಇನ್ನೂರರ ಬಲ್ಬು ಮೂರನ್ನೂ ಅವನ ಮುಂದಿಟ್ಟು ಒಂದೊಂದಾಗಿ ಹೇಳಿದೆ. ದೊಡ್ಡದು ಮಾಡುವುದೆಂದರೆ ಏನೆಂಬುದನ್ನೂ ಹೇಳಿದೆ. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಅವನ ಮುಖ ಕೆಂಪಾಯಿತು.

"ಆಕೆ ಸರಿಯಾದ ಕನ್ನಡದಲ್ಲಿ ಹೇಳಬೇಕಿತ್ತಪ್ಪ! ಕಲ್ಲು ಇಲ್ಲದಿದ್ದರೆ ಏನಾಯ್ತು, ಬಾಯಿ ಉಂಟಲ್ಲ? ನನ್ನ ಬಾಯಿಗೆ ಮಣ್ಣು ಬೀಳಲಿ ಅಂದದ್ದು ಕಲ್ಲಿಗಿಂತ ಕಮ್ಮಿಯಾ? ಒಮ್ಮೆ ಖಾಲಿ ಅಂದ ಮೇಲೆ ಖಾಲಿ."

ತಪ್ಪು ಗೊತ್ತಾದ ಮೇಲೂ ಅವನಿಗೆ ಬೇಕಾದದ್ದು ಖೋಲಿಯೇ. ಇಂಥ ಹೊತ್ತಿನಲ್ಲಿ ನ್ಯಾಯ ಮಾತಾಡಿ ಪ್ರಯೋಜನವಿಲ್ಲ. ಎದುರಿನವನಿಗೆ ಬೇಕಾದ ಇನ್ನೊಂದು ಸಾಮಾನು ನಿಮ್ಮ ಕೈಯಲ್ಲಿರಬೇಕು. ನಾನು ಎದ್ದು ಅವನ ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ತುಳುವಿನಲ್ಲಿ ಹೇಳಿದೆ.

"ಧಣಿಗಳೇ, ಕಂಬದ ಬುಡ ನೋಡಿ. ಯಾರು ಕೊಳೆಸಿದ್ದು ಎಂದು ಕಣ್ಣಾರೆ ನೋಡಿದವನು ಇವತ್ತು ಮಧ್ಯಾಹ್ನ ನನ್ನಲ್ಲೇ ಊಟ ಮಾಡಿದ್ದಾನೆ. ಹೆಂಗಸರೆಲ್ಲ ನೀರು ಹಿಡಿಯಲು ನಳದ ಹತ್ತಿರ ಸೇರುವಾಗ ನಾನು ಒಂದು ಮಾತು ಹೇಳಿದರೆ ಸಾಕು. ಮುದುಕಿಯ ಖೋಲಿ ಹಾಗಿರಲಿ, ನಿಮ್ಮ ಕೆಲಸದವರು ಮಲಗುವ ಖೋಲಿಯೂ ಉಳಿಯುವುದಿಲ್ಲ. ಕರೆಂಟಿನ ಕಂಬಕ್ಕೆ ನೀರು ಬಿಟ್ಟ ಹುಡುಗನಿಗೆ ಶಾಕ್ ಹೊಡೆದು ಸತ್ತಿದ್ದರೆ ಪೊಲೀಸರು ಯಾರ ಹೋಟೆಲಿಗೆ ಬರುತ್ತಿದ್ದರು?"

ಅವನು ಬುಡ ನೋಡಿದ. ಮೂಗು ಮುಚ್ಚಿಕೊಂಡ. ತನ್ನವರ ಹೊಲಸಿಗೆ ತಾನೇ ಮೂಗು ಮುಚ್ಚಿಕೊಂಡದ್ದನ್ನು ನೋಡಿ ನನಗೆ ಅವನ ಮೇಲಿದ್ದ ಕೊನೆಯ ಗೌರವವೂ ಹೋಯಿತು.

"ಅಜ್ಜಿ ಇರಲಿ," ಎಂದ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. "ವಯಸ್ಸಾದವರು. ಮಳೆಗಾಲ ಬೇರೆ. ನಮಗೂ ಮನಸ್ಸುಂಟಲ್ಲ."

"ಈ ಮಳೆಗಾಲ ಮಾತ್ರ ಅಲ್ಲ," ಎಂದೆ.

"ಇರಲಿ ಮಾರಾಯ್ತಿ, ಇರುವಷ್ಟು ದಿನ ಇರಲಿ."

ಕಮಿಟಿಯ ಗಂಡಸರು ಹಿಂದಿನ ದಿನ ತಲೆಯಾಡಿಸಿದಂತೆಯೇ ಈಗಲೂ ತಲೆಯಾಡಿಸಿದರು. ಒಬ್ಬನಂತೂ "ಸೆಕ್ರೆಟರಿ ಸಾಹೇಬರದ್ದು ದೊಡ್ಡ ಮನಸ್ಸು" ಎಂದ. ಚೌಕಾಸಿಯಲ್ಲಿ ಗೆದ್ದು ಮನೆಗೆ ಹೋಗುವಾಗ ಸಾಮಾನ್ಯವಾಗಿ ನನ್ನ ಹೆಜ್ಜೆ ಹಗುರಾಗಿರುತ್ತದೆ. ಅಂದು ಬಾಯೊಳಗೆ ಏನೋ ಹಳಸಿದ್ದು ಉಳಿದಂತಿತ್ತು.

ಮುದುಕಿಯ ಖೋಲಿಗೆ ಹೋದೆ. ಪಾತ್ರೆಗಳನ್ನೆಲ್ಲ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಮಗ ಗಂಟಿಗೆ ಒರಗಿ ಕೂತಿದ್ದ.

"ಎಲ್ಲಿಗೂ ಹೋಗುವುದು ಬೇಡ ಆಯಿ. ಇಲ್ಲೇ ಇರಿ. ಮಾತಾಡಿ ಬಂದೆ."

ಮಗ ಎದ್ದು ನಿಂತು ಕೈ ಮುಗಿದ. ಮುದುಕಿ ಕೈ ಮುಗಿಯಲಿಲ್ಲ. ನನ್ನನ್ನೇ ದಿಟ್ಟಿಸಿ ಕೇಳಿದಳು.

"ಕಲ್ಲ ನಾ ಒಗದಿಲ್ಲ ಅಂತ ಅವನ ಬಾಯಿಲೆ ಅಂದನ?"

"ಅದನ್ನು ಹೇಳಲಿಲ್ಲ. ಇರಲಿ ಎಂದ."

"ಮಂದಿ ಮುಂದ ತಪ್ಪಾತು ಅಂದನ?"

"ಇಲ್ಲ."

ಮುದುಕಿ ಬಾಗಿಲಿಗೆ ಬಂದು ಸೆಕ್ರೆಟರಿಯ ಖೋಲಿಯ ದಿಕ್ಕಿಗೆ ಥೂ ಎಂದು ಉಗಿದಳು. ಆಮೇಲೆ ಒಳಗೆ ಹೋಗಿ, ಗಂಟು ಬಿಚ್ಚಿ ಹಂಚು ಹೊರತೆಗೆದು, ಮಗನಿಗೆ ಹಿಟ್ಟು ಕಲಸಲು ಬಿಸಿನೀರಿಡು ಎಂದಳು.